ಕೆರೆ ‘ನುಂಗಿದ’ ಮನೆಗಳು: ಬೇರೆಯವರ ಜಾಹೀರಾತನ್ನು ತಿದ್ದುವುದು ತಪ್ಪಾ?

ಕೆರೆದಂಡೆ
ಹೋದ ವಾರ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸರ್ಜಾಪುರ ರಸ್ತೆಯಲ್ಲಿ ಬರುತ್ತಿದ್ದೆ. ಸಿಗ್ನಲ್ ಹತ್ತಿರದ ಬಸ್ ಸ್ಟಾಪಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಜಾಹೀರಾತು ಇದೆ. ತಿಂಗಳುಗಟ್ಟಲೆಯಿಂದ ‘ಕೆರೆ ನೋಟದ ಮನೆಗಳು’ ಎಂದೇ ಇತ್ತು. ಅವತ್ತು ಮಗಳು ಜೋರಾಗಿ ಓದಿದಳು: ‘ಕೆರೆ ನುಂಗಿದ ಮನೆಗಳು’.

ಗಾಡಿ ಪಕ್ಕಕ್ಕೆ ಹಾಕಿ ಹತ್ತಿರ ಹೋಗಿ ನೋಡಿದೆ. ‘ನೋಟದ’ ಪದದ ‘ದ’ ಹಾಗೇ ಇದೆ. ಮೊದಲ ಎರಡು ಅಕ್ಷರದ ಮೇಲೆ ಮಾತ್ರ ಕಾಗದ ಅಂಟಿಸಿ ‘ನುಂಗಿ’ ಎಂದು ಬರೆದಿದ್ದಾರೆ. ಅದೇ ಬಿಳಿ ಅಕ್ಷರ, ಹಿಂದೆ ಅದೇ ನೀಲಿ. ‘ಗಿ’ ಸ್ವಲ್ಪ ದಪ್ಪ ಆಗಿದೆ, ಅಷ್ಟೇ. ಕಾಗದದ ಅಂಚಿನಲ್ಲಿ ಮೈದಾ ಅಂಟು ಇನ್ನೂ ಹಸಿಯಾಗಿತ್ತು. ಮೂರನೇ ದಿನ ನೋಡಿದರೆ ಯಾರೋ ಕಿತ್ತು ಹಾಕಿದ್ದರು.

ನಾನು ಫೋಟೋ ತೆಗೆಯುವಾಗ ಮಗಳು ಕೇಳಿದಳು, ‘ಅಮ್ಮಾ, ಬೇರೆಯವರ ಗೋಡೆ ಮೇಲೆ ಗೀಚಬಾರದು ಅಂತ ನೀನೇ ಬೈತೀಯ. ಇದು ಮಾತ್ರ ಯಾಕೆ ಚೆನ್ನಾಗಿದೆ?’ ಉತ್ತರ ಕೊಡಲು ಆಗಲಿಲ್ಲ. ಆ ಕೆರೆಯಲ್ಲಿ ನೊರೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎನ್ನುವುದು ನನಗೂ ಗೊತ್ತು. ಆದರೂ ದುಡ್ಡು ಕೊಟ್ಟು ಹಾಕಿದ ಜಾಹೀರಾತು ಅದು. ನೀವೆಲ್ಲ ಏನು ಹೇಳುತ್ತೀರಿ?

ಧಾರವಾಡ ಪೇಡೆ
ಎರಡು ಅಕ್ಷರದಲ್ಲಿ ಇಡೀ ಬೆಂಗಳೂರಿನ ಕಥೆ ಹೇಳಿದ್ದಾರಲ್ಲ! ಬರೆದವರ ಕೈಗೆ ನಮಸ್ಕಾರ.

ನೇರಮಾತು
ನಮಸ್ಕಾರ ಹಾಕುವ ಮೊದಲು ಸ್ವಲ್ಪ ಯೋಚನೆ ಮಾಡಿ. ನಾಳೆ ನಿಮ್ಮ ಅಂಗಡಿ ಬೋರ್ಡಿನ ಮೇಲೆ ಹೀಗೆ ಅಂಟಿಸಿದರೆ ಒಪ್ಪುತ್ತೀರಾ? ನಮಗೆ ಇಷ್ಟವಾದ ಮಾತು ಬರೆದರೆ ಕಲೆ, ಇಷ್ಟವಿಲ್ಲದ್ದು ಬರೆದರೆ ಕಿಡಿಗೇಡಿತನ. ಹೀಗೆ ಎರಡು ತಕ್ಕಡಿ ಇಟ್ಟುಕೊಂಡರೆ ಹೇಗೆ?

ಕರಿಕೋಟು
ಕಾನೂನು ಏನು ಹೇಳುತ್ತದೆ ಎಂದು ಹೇಳಿಬಿಡುತ್ತೇನೆ. ತೆರೆದ ಜಾಗಗಳ ಅಂದ ಕೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆ ಇದೆ. 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಗದ ಅಂಟಿಸಿದವರು ಸಿಕ್ಕಿಬಿದ್ದರೆ ಕೇಸು ಹಾಕಬಹುದು.

ಆದರೆ ಒಂದು ವಿಷಯ ಗಮನಿಸಿ. ಆ ಕಾಯ್ದೆ ಬಂದಿದ್ದು ಮುಖ್ಯವಾಗಿ ಅನುಮತಿ ಇಲ್ಲದೆ ಜಾಹೀರಾತು ಹಚ್ಚುವವರಿಗಾಗಿ. ಅಂದರೆ ವಿದ್ಯುತ್ ಕಂಬಕ್ಕೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುವವರಿಗೂ ಇದೇ ಕಾಯ್ದೆ, ಇದೇ ಶಿಕ್ಷೆ. ಕೆರೆದಂಡೆಯವರೇ, ಆ ಬೋರ್ಡಿಗೆ ಪರವಾನಗಿ ಸಂಖ್ಯೆ ಇತ್ತಾ?

ಕೆರೆದಂಡೆ
ಅದನ್ನು ನೋಡಲಿಲ್ಲ ಸರ್. ಮುಂದಿನ ಸಲ ಹೋದಾಗ ನೋಡುತ್ತೇನೆ.

ಸಿಡ್ನಿ ಕನ್ನಡತಿ
ಈ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ. ನಾನಿರುವ ಊರಿನಲ್ಲಿ ನಲವತ್ತು ವರ್ಷಕ್ಕೂ ಹಿಂದೆ ಇದೇ ಜಗಳ ಕೋರ್ಟಿನವರೆಗೆ ಹೋಗಿತ್ತು.

1979ರಲ್ಲಿ ಸಿಡ್ನಿಯಲ್ಲಿ ಬಿಲ್ ಸ್ನೋ, ರಿಕ್ ಬೋಲ್ಜಾನ್, ಜೆಫ್ ಕೋಲ್ಮನ್ ಎಂಬ ಮೂವರು ಸೇರಿ ‘ಬಗರ್ ಅಪ್’ ಎಂಬ ಗುಂಪು ಕಟ್ಟಿದರು. ಆರೋಗ್ಯ ಕೆಡಿಸುವ ವಸ್ತುಗಳ ಪ್ರಚಾರದ ಮೇಲೆ ಗೋಡೆಬರಹ ಬರೆಯುವವರು ಎಂಬ ಉದ್ದ ಹೆಸರಿನ ಮೊದಲಕ್ಷರಗಳು ಅವು. ಕೂಡಿಸಿ ಓದಿದರೆ ಇಲ್ಲಿನ ಆಡುಮಾತಿನಲ್ಲಿ ‘ಕೆಡಿಸಿಬಿಡು’ ಎಂದೂ ಅರ್ಥ. ಆಗ ಊರ ತುಂಬಾ ಸಿಗರೇಟು ಹೋರ್ಡಿಂಗ್‌ಗಳು. ಇವರು ಉದ್ದ ಕೋಲಿನ ತುದಿಗೆ ಸ್ಪ್ರೇ ಡಬ್ಬಿ ಕಟ್ಟಿಕೊಂಡು ಹೋಗಿ ಎತ್ತರದ ಅಕ್ಷರಗಳನ್ನೂ ತಿದ್ದುತ್ತಿದ್ದರು.

ತುಂಬಾ ಹೆಸರು ಮಾಡಿದ್ದು ಮಾರ್ಲ್‌ಬೊರೊ ಬೋರ್ಡ್. ಅದರಲ್ಲಿ ‘ನ್ಯೂ. ಮೈಲ್ಡ್. ಆ್ಯಂಡ್ ಮಾರ್ಲ್‌ಬೊರೊ’ ಎಂದಿತ್ತು. ಕೆಲವು ಅಕ್ಷರ ಅಳಿಸಿ, ಕೆಲವನ್ನು ತಿದ್ದಿ ‘ನ್ಯೂ. ವೈಲ್. ಆ್ಯಂಡ್ ಎ ಬೋರ್’ ಮಾಡಿದರು. ಹೊಸದು, ಹದವಾದದ್ದು ಎಂದಿದ್ದು ಹೊಸದು, ಹೊಲಸು, ಬೇಜಾರಿನದು ಎಂದಾಯಿತು. ನಿಮ್ಮ ‘ನುಂಗಿದ’ ಓದಿದಾಗ ನನಗೆ ನೆನಪಾಗಿದ್ದು ಇದೇ. ಹೊಸದಾಗಿ ಬರೆದದ್ದು ಬಹಳ ಕಡಿಮೆ. ಅವರ ಅಕ್ಷರದಿಂದಲೇ ಅವರಿಗೆ ಉತ್ತರ.

ಬರೆದವರು ಪಡ್ಡೆ ಹುಡುಗರು ಮಾತ್ರ ಅಲ್ಲ. ವೈದ್ಯರೂ ಇದ್ದರು. ಆರ್ಥರ್ ಚೆಸ್ಟರ್‌ಫೀಲ್ಡ್ ಎವನ್ಸ್ ಎಂಬ ಸರ್ಜನ್ ಹೀಗೆ ಬಣ್ಣ ಬಳಿದು ಬಂಧನಕ್ಕೆ ಒಳಗಾದರು. ಆಪರೇಷನ್ ಟೇಬಲ್ ಮೇಲೆ ಸಿಗರೇಟಿನ ಫಲ ನೋಡುವವರು ಅವರು. 1998ರಲ್ಲಿ ಅವರೇ ಇಲ್ಲಿನ ರಾಜ್ಯದ ಮೇಲ್ಮನೆ ಸದಸ್ಯರಾದರು.

ಧಾರವಾಡ ಪೇಡೆ
ಅಕ್ಕಾ, ಡಾಕ್ಟರೇ ಸ್ಪ್ರೇ ಡಬ್ಬಿ ಹಿಡಿದರಾ? ಆಮೇಲೆ ಏನಾಯಿತು ಹೇಳಿ.

ಸಿಡ್ನಿ ಕನ್ನಡತಿ
1987ರಲ್ಲಿ ಪಕ್ಕದ ವಿಕ್ಟೋರಿಯಾ ರಾಜ್ಯ ಹೊರಾಂಗಣದ ತಂಬಾಕು ಜಾಹೀರಾತು ನಿಲ್ಲಿಸುವ ಕಾನೂನು ತಂದಿತು. 1992ರಲ್ಲಿ ಇಡೀ ದೇಶಕ್ಕೆ ನಿಷೇಧದ ಕಾನೂನು ಬಂತು. 2012ರ ಡಿಸೆಂಬರಿನಿಂದ ಪ್ಯಾಕೆಟ್ ಮೇಲೂ ಕಂಪನಿಯ ಬಣ್ಣ, ಚಿತ್ರ ಯಾವುದೂ ಇಲ್ಲ. ಪ್ರಪಂಚದಲ್ಲಿ ಇದನ್ನು ಮೊದಲು ಮಾಡಿದ್ದು ಈ ದೇಶ.

ನೇರಮಾತು
ಒಳ್ಳೆಯ ಮಾಹಿತಿ ಮೇಡಂ. ಆದರೆ ಬಣ್ಣ ಬಳಿದಿದ್ದರಿಂದಲೇ ಕಾನೂನು ಬಂತು ಎನ್ನುವುದು ಜಾಸ್ತಿ ಆಯಿತು. 1979 ಎಲ್ಲಿ, 1992 ಎಲ್ಲಿ? ನಡುವೆ ವೈದ್ಯರ ವರದಿ, ಅರ್ಜಿ, ಓಡಾಟ ಎಷ್ಟು ನಡೆದಿರಬೇಕು. ಕಾನೂನು ತಂದವರು ಅವರು.

ಸಿಡ್ನಿ ಕನ್ನಡತಿ
ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಸೈಮನ್ ಚಾಪ್‌ಮನ್ ಎಂಬ ಆರೋಗ್ಯ ತಜ್ಞರು ಇನ್ನೊಂದು ಗುಂಪಿನಲ್ಲಿದ್ದರು. ಅವರದು ಪೂರ್ತಿ ಕಾಗದಪತ್ರದ ಹೋರಾಟ. ನಟ ಪಾಲ್ ಹೋಗನ್ ಆಗ ವಿನ್‌ಫೀಲ್ಡ್ ಸಿಗರೇಟಿನ ಜಾಹೀರಾತಿನಲ್ಲಿ ಬರುತ್ತಿದ್ದರು. ಮಕ್ಕಳಿಗೆ ಅವರೆಂದರೆ ಪ್ರಾಣ. ಈ ಗುಂಪು ದೂರು ಕೊಟ್ಟು, ಪಟ್ಟು ಹಿಡಿದು, 1980ರಲ್ಲಿ ಅವರನ್ನು ಆ ಜಾಹೀರಾತಿನಿಂದ ಬಿಡಿಸಿತು.

ಆದರೆ ಅರ್ಜಿ ಓದುವವರು ಹತ್ತು ಜನ. ಬಸ್ಸಿನಲ್ಲಿ ಕೂತು ಬೋರ್ಡ್ ಓದುವವರು ಸಾವಿರಾರು. ಮನೆಯಲ್ಲಿ ಆ ಮಾತು ಎತ್ತುವಂತೆ ಮಾಡಿದ್ದು ಸ್ಪ್ರೇ ಡಬ್ಬಿ. ಎರಡೂ ಬೇಕಿತ್ತು ಎಂದು ನಾನು ನಂಬಿದ್ದೇನೆ.

ಕುಡ್ಲ ಹುಡುಗ
ನಮ್ಮಲ್ಲಿ 2003ರ ಕಾಯ್ದೆ ಬಂದು 2004ರಿಂದಲೇ ಹೊರಗಡೆ ತಂಬಾಕು ಜಾಹೀರಾತು ಹಾಕುವಂತಿಲ್ಲ. ಮಾರುವ ಅಂಗಡಿಯಲ್ಲಿ ಸಣ್ಣ ಬೋರ್ಡ್ ಮಾತ್ರ ಬಿಟ್ಟಿದ್ದಾರೆ. ಹಾಗಾದರೆ ಬಸ್ಸಿನ ಹಿಂದೆ ಏಲಕ್ಕಿ ತಿನ್ನಿ ಎಂದು ದೊಡ್ಡ ದೊಡ್ಡ ನಟರು ಯಾಕೆ ನಗುತ್ತಿದ್ದಾರೆ? ಹೆಸರು ಗುಟ್ಕಾದ್ದು, ಪೊಟ್ಟಣ ಗುಟ್ಕಾದ್ದು, ಬಣ್ಣವೂ ಗುಟ್ಕಾದ್ದೇ. ಒಳಗೆ ಏಲಕ್ಕಿ ಅಂತೆ. ಅದರ ಮೇಲೆ ಯಾರಾದರೂ ಎರಡು ಅಕ್ಷರ ತಿದ್ದಿದರೆ ನಾನಂತೂ ತಪ್ಪು ಎನ್ನುವುದಿಲ್ಲ. ನನ್ನ ಮಾವ ಬಾಯಿ ಕ್ಯಾನ್ಸರ್‌ನಿಂದ ಹೋದರು. ಕೊನೆಯ ಎರಡು ತಿಂಗಳು ಗಂಜಿಯನ್ನೂ ನುಂಗಲು ಆಗುತ್ತಿರಲಿಲ್ಲ.

ಕೆರೆದಂಡೆ
ಓದಿ ತುಂಬಾ ಬೇಜಾರಾಯಿತು ತಮ್ಮಾ.

ಕುಂಚ ಶಿವಮೊಗ್ಗ
ನಾನು ಬೇರೆ ಕಡೆಯಿಂದ ಮಾತಾಡುತ್ತೇನೆ. ನಮ್ಮಪ್ಪ ಬೋರ್ಡ್ ಬರೆಯುವವರು. ಸಿನಿಮಾ ಬ್ಯಾನರ್, ಅಂಗಡಿ ನಾಮಫಲಕ, ಗೋಡೆ ಮೇಲೆ ಸೋಪು, ಸಿಮೆಂಟಿನ ಜಾಹೀರಾತು ಎಲ್ಲ ಅವರ ಕೈಯಿಂದ ಆಗಿದೆ. ಚಿಕ್ಕ ಫೋಟೋ ಮೇಲೆ ಚೌಕ ಎಳೆದು, ಬಟ್ಟೆ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಎಳೆದು, ಒಂದೊಂದೇ ಚೌಕ ತುಂಬಿಸುತ್ತಿದ್ದರು. ದಾರಕ್ಕೆ ನೀಲಿ ಪುಡಿ ಹಚ್ಚಿ ಎರಡು ಕಡೆ ಎಳೆದು ಹಿಡಿದು ‘ಟಪ್’ ಎಂದು ಬಿಟ್ಟರೆ ನೇರ ಗೆರೆ. ಚಿಕ್ಕವನಿದ್ದಾಗ ಆ ದಾರದ ಒಂದು ತುದಿ ಹಿಡಿಯುವುದು ನನ್ನ ಕೆಲಸ. ಕೈ ಅಲ್ಲಾಡಿದರೆ ಬೈಗುಳ.

ಫ್ಲೆಕ್ಸ್ ಬಂತು. ಎರಡು ವರ್ಷದಲ್ಲಿ ಕೆಲಸ ಪೂರ್ತಿ ಹೋಯಿತು. ಅಪ್ಪ ಬರೆಯಲು ಒಂದು ವಾರ ತೆಗೆದುಕೊಳ್ಳುತ್ತಿದ್ದುದನ್ನು ಮೆಷಿನ್ ಅರ್ಧ ಗಂಟೆಯಲ್ಲಿ ಉಗುಳುತ್ತದೆ.

ಅದಕ್ಕೆ ನನ್ನ ಮಾತು ಇಷ್ಟೇ. ಕೈಯಲ್ಲಿ ಬರೆದ ಬೋರ್ಡಿನ ಮೇಲೆ ಬಣ್ಣ ಎರಚಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಒಬ್ಬ ಮನುಷ್ಯನ ಬೆವರು ಇದೆ. ಫ್ಲೆಕ್ಸ್ ಮೇಲೆ ಒಬ್ಬರು ಕೂತು ಅದೇ ಬಣ್ಣ ಹೊಂದಿಸಿ ಎರಡು ಅಕ್ಷರ ಬರೆದರು ಎಂದರೆ ನನಗೆ ಖುಷಿ. ಎಷ್ಟೋ ವರ್ಷಕ್ಕೆ ಆ ಬಸ್ ಸ್ಟಾಪಿನಲ್ಲಿ ಕೈಬರಹ ಕಂಡಿತಲ್ಲ. ‘ಗಿ’ ದಪ್ಪ ಆಗಿತ್ತು ಎಂದಿರಿ. ಅಗಲ ಕುಂಚದಲ್ಲಿ ಬರೆದಿರುತ್ತಾರೆ. ‘ಗ’ದ ಬಾಗು ತಿರುಗಿಸುವಾಗ ಕುಂಚ ಓರೆ ಹಿಡಿಯಬೇಕು, ಇಲ್ಲದಿದ್ದರೆ ದಪ್ಪ ಬರುತ್ತದೆ.

ಕೆರೆದಂಡೆ
ಅಣ್ಣಾ, ಇದನ್ನು ಮಗಳಿಗೆ ಓದಿ ಹೇಳಿದೆ. ಅವಳು ಈಗ ದಾರಕ್ಕೆ ಬಣ್ಣ ಹಚ್ಚಿ ಗೆರೆ ಹೊಡೆಯಬೇಕು ಎಂದು ಹಟ ಹಿಡಿದಿದ್ದಾಳೆ.

ಕುಂಚ ಶಿವಮೊಗ್ಗ
ರಂಗೋಲಿ ಪುಡಿ ಸಾಕು ಮೇಡಂ. ದಾರ ಬಿಗಿಯಾಗಿರಲಿ.

ಮೈಸೂರು ಬದನೆ
2009ರಲ್ಲಿ ಬೆಂಗಳೂರು ಪಾಲಿಕೆ ಹಳೆಯ ಬ್ಯಾನರ್ ಕಲಾವಿದರನ್ನೇ ಕರೆದು ರಸ್ತೆ ಬದಿ ಗೋಡೆಗಳ ಮೇಲೆ ಚಿತ್ರ ಬರೆಸಿತ್ತು, ನೆನಪಿದೆಯಾ? ಹಂಪಿ, ಹುಲಿ, ಜೋಗ. ಪೋಸ್ಟರ್ ಅಂಟಿಸುವುದನ್ನು ತಪ್ಪಿಸಲು ಮಾಡಿದ್ದು. ಚಿತ್ರ ಬರೆದ ಗೋಡೆ ಮೇಲೆ ಪೋಸ್ಟರ್ ಹಚ್ಚಲು ಜನರಿಗೂ ಮನಸ್ಸು ಬರುವುದಿಲ್ಲ.

ಇನ್ನೊಂದು. ನಮ್ಮ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಯವರನ್ನು ಯಾರೂ ನೆನೆಯಲೇ ಇಲ್ಲವಲ್ಲ! 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಬಿಟ್ಟವರು. 2019ರಲ್ಲಿ ಗಗನಯಾತ್ರಿ ವೇಷದವರನ್ನು ಗುಂಡಿ ಬಿದ್ದ ರಸ್ತೆಯಲ್ಲಿ ನಡೆಸಿ ಚಂದ್ರನ ಮೇಲೆ ನಡೆದ ಹಾಗೆ ತೋರಿಸಿದವರು.

ಕರಿಕೋಟು
ಅವರದು ಜಾಹೀರಾತು ತಿದ್ದುವ ಕೆಲಸ ಅಲ್ಲ. ಯಾರೋ ದುಡ್ಡು ಕೊಟ್ಟು ಹಾಕಿದ ಬೋರ್ಡನ್ನು ಅವರು ಮುಟ್ಟಲಿಲ್ಲ.

ಮೈಸೂರು ಬದನೆ
ಒಪ್ಪಿದೆ. ಆದರೆ ದಾರಿ ಒಂದೇ ಅಲ್ವಾ? ದಿನಾ ನೋಡಿ ನೋಡಿ ಕಣ್ಣಿಗೆ ಕಾಣದೇ ಹೋದದ್ದನ್ನು ಮತ್ತೆ ಕಾಣಿಸುವುದು. ಚಂದ್ರನ ವೀಡಿಯೋ ಓಡಾಡಿದ ಕೂಡಲೇ ಆ ರಸ್ತೆಗೆ ರಿಪೇರಿಯವರು ಬಂದರು.

ಜಾಹೀರಾತು ಜನ
ನಾನು ಹದಿನೈದು ವರ್ಷದಿಂದ ಹೊರಾಂಗಣ ಜಾಹೀರಾತಿನ ಕೆಲಸದಲ್ಲಿದ್ದೇನೆ. ಇಲ್ಲಿ ಎಲ್ಲರೂ ನಮ್ಮನ್ನು ಖಳನಾಯಕರ ಹಾಗೆ ನೋಡುತ್ತಿದ್ದೀರಿ. ಒಂದು ಹೋರ್ಡಿಂಗ್ ಹಿಂದೆ ಕಬ್ಬಿಣ ಬೆಸೆಯುವವರು, ಹಗ್ಗ ಕಟ್ಟಿಕೊಂಡು ಹತ್ತಿ ಫ್ಲೆಕ್ಸ್ ಬಿಗಿಯುವವರು, ಪ್ರಿಂಟಿಂಗಿನವರು ಎಲ್ಲ ಇದ್ದಾರೆ. ನನಗೆ ಗೊತ್ತಿರುವ ಒಬ್ಬ ವಯಸ್ಸಾದ ಅಮ್ಮನಿಗೆ ತಾರಸಿ ಮೇಲಿನ ಬೋರ್ಡಿನ ಬಾಡಿಗೆಯೇ ಆಧಾರ. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಚಾಟಿ ಬೀಸಿ, ಪಾಲಿಕೆ ಒಂದೇ ಏಟಿಗೆ ಎಲ್ಲ ನಿಲ್ಲಿಸಿದಾಗ ನಮ್ಮ ಹುಡುಗರು ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂತಿದ್ದರು. ಬಸ್ ಸ್ಟಾಪ್ ಕಟ್ಟಿ ನೋಡಿಕೊಳ್ಳುವ ಖರ್ಚು ಕೂಡ ಎಷ್ಟೋ ಕಡೆ ಜಾಹೀರಾತಿನಿಂದಲೇ ಬರುವುದು. ಕಾಗದ ಅಂಟಿಸಿದವರಿಗೆ ಒಂದು ರಾತ್ರಿಯ ಕೆಲಸ. ಬೆಳಿಗ್ಗೆ ಅದನ್ನು ಕೆರೆದು ತೆಗೆಯುವವನು ದಿನಗೂಲಿಯವನು.

ನೇರಮಾತು
ಇದನ್ನೇ ನಾನು ಹೇಳಲು ಹೊರಟಿದ್ದು.

ನಿದ್ದೆಗಣ್ಣು
ಜಾಹೀರಾತು ಜನ ಅವರೇ, ನಿಮ್ಮ ಹುಡುಗರ ಕಷ್ಟ ಸುಳ್ಳಲ್ಲ. ಆದರೆ 2018ರ ಆ ಆಗಸ್ಟ್ ನನಗೆ ಬೇರೆ ಥರ ನೆನಪಿದೆ. ಸಾವಿರಾರು ಫ್ಲೆಕ್ಸ್ ಇಳಿದ ವಾರ ನಮ್ಮ ವೃತ್ತದಲ್ಲಿ ಒಂದು ಹಳೆಯ ಕಲ್ಲು ಕಟ್ಟಡ ಇದೆ ಎನ್ನುವುದು ಮೊದಲ ಸಲ ಗೊತ್ತಾಯಿತು. ಎಂಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದೆ!

2019ರಲ್ಲಿ ಮಾರತ್ತಹಳ್ಳಿ ಕಡೆ ಹೋರ್ಡಿಂಗ್ ಕಾಣಲಿ ಎಂದು ಮರಗಳಿಗೆ ವಿಷ ಹಾಕಿದ್ದಾರೆ ಎಂಬ ಸುದ್ದಿ ಬಂದಿತ್ತು. ಅದೇ ವರ್ಷ ಚೆನ್ನೈನಲ್ಲಿ ರಸ್ತೆ ನಡುವೆ ಕಟ್ಟಿದ್ದ ಪಕ್ಷದವರ ಬ್ಯಾನರ್ ಬಿದ್ದು ಸ್ಕೂಟರಿನಲ್ಲಿ ಹೋಗುತ್ತಿದ್ದ ಹುಡುಗಿ ತೀರಿಕೊಂಡಳು. 2024ರ ಮೇ 13ರಂದು ಮುಂಬೈನ ಘಾಟ್‌ಕೋಪರ್‌ನಲ್ಲಿ ಪೆಟ್ರೋಲ್ ಬಂಕ್ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತರು. 120 ಅಡಿ ಉದ್ದ, 120 ಅಡಿ ಅಗಲ. ಅಲ್ಲಿನ ಮಿತಿ 40 ಅಡಿ. ಇಷ್ಟು ದೊಡ್ಡ ತಪ್ಪಿನ ಪಕ್ಕದಲ್ಲಿ ಎರಡು ಅಕ್ಷರದ ಕಾಗದವನ್ನು ಇಟ್ಟು ನೋಡಿ.

ಜಾಹೀರಾತು ಜನ
ಘಾಟ್‌ಕೋಪರ್ ಮಾಡಿದವರನ್ನು ನಾನು ಸಮರ್ಥಿಸುವುದಿಲ್ಲ. ಅಂಥವರಿಂದಲೇ ನಿಯಮ ಪಾಲಿಸುವವರಿಗೂ ಕೆಟ್ಟ ಹೆಸರು.

ಕರಿಕೋಟು
ಇದಕ್ಕೆ ಸರಿಹೊಂದುವ ಉದಾಹರಣೆ ನ್ಯೂಯಾರ್ಕಿನದು. 2009ರ ಏಪ್ರಿಲಿನಲ್ಲಿ ಜೋರ್ಡನ್ ಸೈಲರ್ ಎಂಬ ಕಲಾವಿದ ಸ್ನೇಹಿತರನ್ನು ಸೇರಿಸಿಕೊಂಡು ಸುಮಾರು 120 ಜಾಹೀರಾತುಗಳಿಗೆ ಹಗಲಲ್ಲೇ ಬಿಳಿ ಬಣ್ಣ ಬಳಿದರು. ಆಮೇಲೆ ಬೇರೆ ಕಲಾವಿದರು ಬಂದು ಅದರ ಮೇಲೆ ತಮ್ಮ ಚಿತ್ರ ಬರೆದರು. ಅವರು ಆರಿಸಿಕೊಂಡಿದ್ದು ಪರವಾನಗಿ ಇಲ್ಲದ ಜಾಹೀರಾತುಗಳನ್ನು. ಹಾಗಿದ್ದೂ ಪೊಲೀಸರು ಹಿಡಿದಿದ್ದು ಬಣ್ಣ ಬಳಿಯುತ್ತಿದ್ದವರಲ್ಲಿ ಕೆಲವರನ್ನು. ಅದಕ್ಕೇ ನಾನು ಮೊದಲೇ ಪರವಾನಗಿ ಸಂಖ್ಯೆ ಕೇಳಿದ್ದು.

ಸಿಡ್ನಿ ಕನ್ನಡತಿ
ಪ್ಯಾರಿಸ್ಸಿನದ್ದು ಇನ್ನೂ ದೊಡ್ಡದು. 2015ರ ನವೆಂಬರಿನಲ್ಲಿ, ಹವಾಮಾನ ಸಮ್ಮೇಳನ ಶುರುವಾಗುವ ಮೊದಲು, ಬ್ರ್ಯಾಂಡಲಿಸಂ ಎಂಬ ಗುಂಪು ಬಸ್ ಸ್ಟಾಪುಗಳಲ್ಲಿ 600 ಪೋಸ್ಟರ್ ಹಾಕಿತು. 19 ದೇಶಗಳ 82 ಕಲಾವಿದರ ಕೆಲಸ. ನವೆಂಬರ್ 13ರ ಭಯೋತ್ಪಾದಕ ದಾಳಿಯಿಂದಾಗಿ ತುರ್ತುಪರಿಸ್ಥಿತಿ ಇತ್ತು, ಮೆರವಣಿಗೆಗೆ ಅವಕಾಶ ಇರಲಿಲ್ಲ. ಜನ ಬೀದಿಗೆ ಬರುವ ಹಾಗಿಲ್ಲ, ಕಂಪನಿಗಳ ಮಾತು ಮಾತ್ರ ಬೀದಿಯಲ್ಲಿ ಇರಬಹುದು ಎನ್ನುವ ಸ್ಥಿತಿ. ಕಾರು ಕಂಪನಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮಾಡಿದ ಮೋಸ ಆಗಷ್ಟೇ ಬಯಲಾಗಿತ್ತು. ಕಂಪನಿಯದೇ ಜಾಹೀರಾತಿನ ಹಾಗೆ ಕಾಣುವ ಒಂದು ಪೋಸ್ಟರಿನಲ್ಲಿ ‘ಸಿಕ್ಕಿಬಿದ್ದದ್ದಕ್ಕೆ ಕ್ಷಮೆ ಇರಲಿ’ ಎಂದಿತ್ತು. ಅಂಟು, ಬಣ್ಣ ಏನೂ ಇಲ್ಲ. ಗಾಜಿನ ಬಾಗಿಲು ತೆರೆದು ಒಳಗಿನ ಹಾಳೆ ಬದಲಾಯಿಸಿದ್ದರು, ಅಷ್ಟೇ. ಕೆರೆದು ತೆಗೆಯುವ ಕೂಲಿಯವರಿಗೂ ತೊಂದರೆ ಇಲ್ಲ.

ನೇರಮಾತು
ಬೀಗ ತೆಗೆದು ಒಳಗೆ ಹೋಗುವುದು ತೊಂದರೆಯೇ ಅಲ್ಲ ಎನ್ನುತ್ತೀರಲ್ಲ ಮೇಡಂ! ನನಗೆ ಬೇಕಾಗಿರುವುದು ಬೇರೆ. ಊರಿಗೆ ಬೋರ್ಡ್ ಬೇಡ ಎಂದರೆ ಊರೇ ಕೂತು ತೀರ್ಮಾನ ಮಾಡಲಿ. ಬ್ರೆಜಿಲಿನ ಸಾವೊ ಪಾಲೊ ಹಾಗೇ ಮಾಡಿತು. 2006ರಲ್ಲಿ ಕಾನೂನು ತಂದು 2007ರಿಂದ ಸುಮಾರು 15,000 ಹೋರ್ಡಿಂಗ್ ಇಳಿಸಿದರು. ಫ್ರಾನ್ಸಿನ ಗ್ರೆನೋಬಲ್ 2014ರಲ್ಲಿ 326 ಫಲಕಗಳ ಗುತ್ತಿಗೆಯನ್ನು ಮುಂದುವರಿಸದೆ, ಬದಲಿಗೆ ಗಿಡ ನೆಡುತ್ತೇವೆ ಎಂದಿತು. ಯಾರೂ ರಾತ್ರಿ ಕದ್ದು ಓಡಾಡಬೇಕಾಗಿಲ್ಲ.

ನಿದ್ದೆಗಣ್ಣು
ಗ್ರೆನೋಬಲ್‌ನಲ್ಲಿ ಬಸ್ ಸ್ಟಾಪಿನ ಜಾಹೀರಾತು ಆಗ ಹಾಗೇ ಉಳಿಯಿತು. ಅದರ ಒಪ್ಪಂದ ಬೇರೆ ಇತ್ತು. ಮತ್ತೆ ಸಾವೊ ಪಾಲೊದಲ್ಲಿ ಬೋರ್ಡ್ ಹೋದ ಜಾಗದಲ್ಲಿ ಗೋಡೆಚಿತ್ರಗಳು ಅರಳಿದವು. 2017ರಲ್ಲಿ ಹೊಸ ಮೇಯರ್ ಬಂದು ಮುಖ್ಯರಸ್ತೆಯೊಂದರ ಚಿತ್ರಗಳಿಗೆ ಬೂದು ಬಣ್ಣ ಬಳಿಸಿದರು. ಊರೇ ತೀರ್ಮಾನ ಮಾಡಲಿ ಎನ್ನುವುದು ಸರಿ. ಆದರೆ ಊರು ಅಂದರೆ ಯಾರು? ಸಭೆಯಲ್ಲಿ ಕುರ್ಚಿ ಇರುವವರು ಮಾತ್ರವಾ?

ಧಾರವಾಡ ಪೇಡೆ
ಕೆರೆ ನುಂಗಿದ್ದು ಅಪಾರ್ಟ್‌ಮೆಂಟಿನವರು ಮಾತ್ರ ಅಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಅಲ್ಲಿಯೂ ಒಂದೊಂದು ಫಲಕ ಬೇಕು.

ಮೈಸೂರು ಬದನೆ
ಈ ಮಾತು ನನಗೆ ಹಿಡಿಸಿತು. ಯಾರ ಬೋರ್ಡನ್ನೂ ಮುಟ್ಟಬೇಕಾಗಿಲ್ಲ. ‘ಇಲ್ಲಿ ಕೆರೆ ಇತ್ತು’ ಎಂದು ಬರೆದರೆ ಸಾಕು.

ಕುಡ್ಲ ಹುಡುಗ
ಒಂದು ಕೇಳಲಾ? ಅಪಾರ್ಟ್‌ಮೆಂಟಿನ ಬೋರ್ಡಿಗೆ ಕಾಗದ ಅಂಟಿಸಲು ಧೈರ್ಯ ಬಂತು. ರಾಜಕೀಯದವರ ಹುಟ್ಟುಹಬ್ಬದ ಫ್ಲೆಕ್ಸ್ ಮುಟ್ಟಲು ಯಾರಿಗಾದರೂ ಧೈರ್ಯ ಇದೆಯಾ? ನಮ್ಮ ಬೀದಿಯಲ್ಲಿ ಕಾಲುದಾರಿಗೆ ಅಡ್ಡ ಕಟ್ಟಿದ್ದ ಒಂದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ್ದಕ್ಕೆ ಹತ್ತು ಜನ ಮನೆ ಬಾಗಿಲಿಗೆ ಬಂದರು. ಅಜ್ಜಿಗೆ ನಡೆಯಲು ಜಾಗ ಇಲ್ಲ ಎಂದು ಸರಿಸಿದ್ದೆ. ಕೊನೆಗೆ ನಾನೇ ಕ್ಷಮೆ ಕೇಳಬೇಕಾಯಿತು.

ಕರಿಕೋಟು
ತಮ್ಮಾ, ಮುಂದಿನ ಸಲ ಮುಟ್ಟಬೇಡಿ. ಫೋಟೋ ತೆಗೆದು ಲಿಖಿತ ದೂರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಕುಡ್ಲ ಹುಡುಗ
ಕೊಟ್ಟಿದ್ದೆ ಸರ್. ದೂರು ಕೊಟ್ಟಿದ್ದು ಯಾರು ಎಂದು ಮಾರನೇ ದಿನವೇ ಅವರಿಗೆ ಗೊತ್ತಾಗಿತ್ತು.

ನೇರಮಾತು
ಇದು ಓದಿದ ಮೇಲೆ ನನ್ನ ಮಾತು ಸ್ವಲ್ಪ ಸಡಿಲವಾಗಿದೆ. ದೂರು ಕೊಡುವ ದಾರಿಯನ್ನೇ ಮುಚ್ಚಿದರೆ ಜನ ರಾತ್ರಿ ಅಂಟು ಹಿಡಿದು ಹೊರಡುತ್ತಾರೆ, ಅದು ಅರ್ಥವಾಗುತ್ತದೆ. ಆದರೂ ಸಣ್ಣ ಅಂಗಡಿಯವರ ಬೋರ್ಡ್ ಮುಟ್ಟಬಾರದು. ಅದರಲ್ಲಿ ನಾನು ಬದಲಾಗುವುದಿಲ್ಲ.

ಕುಂಚ ಶಿವಮೊಗ್ಗ
ಅದರಲ್ಲಿ ನಾನು ನಿಮ್ಮ ಜೊತೆಗಿದ್ದೇನೆ ಸರ್.

ಕೆರೆದಂಡೆ
ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ಅದೇ ದಾರಿಯಲ್ಲಿ ಹೋಗಿದ್ದೆ. ಹಳೆಯ ಹಾಳೆ ತೆಗೆದು ಹೊಸದು ಹಾಕಿದ್ದಾರೆ. ಅದೇ ಕಟ್ಟಡದ ಚಿತ್ರ, ಅದೇ ನಗುವ ಸಂಸಾರ. ಆದರೆ ಈಗ ‘ಹಸಿರು ನೋಟದ ಮನೆಗಳು’ ಎಂದಿದೆ. ಕೆರೆ ಎಂಬ ಪದವೇ ಇಲ್ಲ. ಕರಿಕೋಟು ಸರ್, ನಾಲ್ಕು ಮೂಲೆಯನ್ನೂ ಹುಡುಕಿದೆ. ಪರವಾನಗಿ ಸಂಖ್ಯೆ ಎಲ್ಲಿಯೂ ಇಲ್ಲ.

ಮಗಳಿಗೆ ತೋರಿಸಿದೆ. ಅವಳು ಸುಮಾರು ಹೊತ್ತು ನೋಡಿ, ‘ಹಸಿರು ಎಲ್ಲಿದೆ ಅಮ್ಮಾ?’ ಎಂದಳು.

ಕರಿಕೋಟು
ಬೋರ್ಡ್ ಪೂರ್ತಿ ಕಾಣುವ ಹಾಗೆ ಒಂದು ಫೋಟೋ, ಜಾಗ ಗೊತ್ತಾಗುವ ಹಾಗೆ ಇನ್ನೊಂದು ಫೋಟೋ ಕಳಿಸಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ನಾನೇ ಬರೆದುಕೊಡುತ್ತೇನೆ.